ಮಹಾಪ್ರಬಂಧಕ್ಕೆ ಅಂಗೀಕಾರ ದೊರೆತ ಸಂದರ್ಭದಲ್ಲಿ

ಗಣಕದೊಳಗೆ ಜೀವವಿಕಾಸವನ್ನು ಅನುಕರಿಸುತ್ತ ಸಾಮಾನ್ಯ ಕೃತಕ ಬುದ್ಧಿಮತ್ತೆಯ (ಮನುಷ್ಯರಂತೆ ಬಗೆಬಗೆಯ ಕೆಲಸಗಳನ್ನು ಮಾಡಬಲ್ಲ ಯಂತ್ರಬುದ್ಧಿಯ) ಕಡೆಗೆ ಎಷ್ಟು ದೂರ ಸಾಗಬಹುದು ಎಂಬುದನ್ನು ಕುರಿತ ನನ್ನ ಪಿಎಚ್‌.ಡಿ. ಮಹಾಪ್ರಬಂಧಕ್ಕೆ ಅಂಗೀಕಾರ ದೊರೆತಿದೆ. ಈ ಸಂತೋಷದಲ್ಲಿ ಪಾಲು ಪಡೆಯಬೇಕಾದವರು ಅನೇಕರಿದ್ದಾರೆ.

ಮೊದಲ ಋಣ ನಾನು ಮುಖತಃ ಕಾಣದವರದು. 1990ರ ದಶಕದ ಆರಂಭದಲ್ಲಿ ಪರಿಸರ ವಿಜ್ಞಾನಿ ಟಾಮ್ ರೇ ಪ್ರೋಗ್ರಾಂಗಳು ಜೀವಿಗಳಂತೆ ವಿಕಾಸಗೊಳ್ಳುವ ತಮ್ಮ ‘ಟಿಯೆರಾ’ ಎಂಬ ಗಣಕ ವ್ಯವಸ್ಥೆಯಲ್ಲಿ, ತನ್ನನ್ನೇ ನಕಲು ಮಾಡಿಕೊಳ್ಳಬಲ್ಲ 80 ಆದೇಶಗಳ ಪ್ರೋಗ್ರಾಂ ಒಂದನ್ನು ಬಿತ್ತಿದರು. ಅದರಿಂದ, ಇತರ ಪ್ರೋಗ್ರಾಂಗಳ ಆದೇಶಗಳನ್ನು ಬಳಸಿ ನಕಲಾಗುವ, ಯಾರೂ ಬರೆಯದ 45 ಆದೇಶಗಳ ಪರಾವಲಂಬಿಗಳು ತಾವಾಗಿಯೇ ಹುಟ್ಟಿಕೊಂಡವು. ಆ ದಾರಿಯಲ್ಲೇ ಮುಂದುವರಿದ ಕ್ರಿಸ್ ಅಡಾಮಿ, ಚಾರ್ಲ್ಸ್ ಒಫ್ರಿಯಾ ಮತ್ತು ಟೈಟಸ್ ಬ್ರೌನ್ ಅವರು ಅಂಥದೇ ಇನ್ನೊಂದು ವ್ಯವಸ್ಥೆಯಾದ ‘ಅವಿಡಾ’ವನ್ನು ರೂಪಿಸಿದರು. ಅದರ ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿರದಿದ್ದರೆ ನನ್ನ ಪ್ರಬಂಧವೇ ಇರುತ್ತಿರಲಿಲ್ಲ.

2003ರಲ್ಲಿ ರಿಚರ್ಡ್ ಲೆನ್‌ಸ್ಕಿ ಮತ್ತು ಸಂಗಡಿಗರು ಅವಿಡಾದಲ್ಲಿ ನಡೆಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ನಾನು ವಿಶೇಷವಾಗಿ ಋಣಿ. ಎರಡು ಸಂಖ್ಯೆಗಳ ಬಿಟ್‌ಗಳು (0 ಅಥವಾ 1 ಎಂಬ ಅಂಕೆಗಳು) ಎಲ್ಲೆಲ್ಲಿ ಒಂದೇ ಆಗಿವೆ ಎಂದು ಗುರುತಿಸುವ ಕ್ಲಿಷ್ಟ ಕಾರ್ಯವು, ಸರಳ ಕಾರ್ಯಗಳಿಗೂ ಪ್ರತಿಫಲ ಸಿಗುತ್ತಿದ್ದ 50 ಪ್ರೋಗ್ರಾಂ ಸಮುದಾಯಗಳ ಪೈಕಿ 23ರಲ್ಲಿ ವಿಕಾಸಗೊಂಡಿತು. ಆದರೆ ಆ ಕ್ಲಿಷ್ಟ ಕಾರ್ಯಕ್ಕೆ ಮಾತ್ರ ಪ್ರತಿಫಲವಿದ್ದ 50 ಸಮುದಾಯಗಳಲ್ಲಿ ಅದು ಒಂದರಲ್ಲಿಯೂ ಕಾಣಿಸಲಿಲ್ಲ. ಈ ಎರಡನೆಯ ಫಲಿತಾಂಶವನ್ನು ಅವರು ಅಷ್ಟೇ ಶ್ರದ್ಧೆಯಿಂದ ದಾಖಲಿಸಿದ್ದರಿಂದಲೇ, ಬುದ್ಧಿಮತ್ತೆಗೆ ಏರುವ ಮೆಟ್ಟಿಲುಗಳನ್ನು ಮೊದಲು ಹುಡುಕಬೇಕೆಂಬ ನನ್ನ ಪ್ರಶ್ನೆಗೆ ರೂಪ ಬಂದಿತು. ಇನ್ನೊಂದು ಸಂಗತಿ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ: ಆ ಕಾರ್ಯದತ್ತ ಸಾಗಿದ ವಂಶಾವಳಿಯಲ್ಲಿ, ಹುಟ್ಟಿದಾಗ ಹಾನಿಕರವೇ ಆಗಿದ್ದ ರೂಪಾಂತರಗಳೂ (ಆದೇಶಗಳಲ್ಲಾದ ಆಕಸ್ಮಿಕ ಬದಲಾವಣೆಗಳೂ) ಇದ್ದವು.

ನನ್ನ ಮಾರ್ಗದರ್ಶಕರಾದ ಮೇಡಂ ಅವರು, ಯಾವ ಪರಿಸರದಲ್ಲಿ, ಯಾವ ಕಾರ್ಯ, ಯಾವ ಅಳತೆಗೋಲು ಎಂದು ಹೇಳದೆ ‘ಬುದ್ಧಿಮತ್ತೆ’ ಎಂಬ ಪದವನ್ನು ಒಂದು ಪುಟದಲ್ಲಿಯೂ ಬಳಸಲು ಬಿಡಲಿಲ್ಲ. ನರಮಂಡಲದ ವಿಕಾಸಕ್ಕೆ ಭೂಮಿಯಲ್ಲಿ ಐವತ್ತು ಕೋಟಿಗೂ ಹೆಚ್ಚು ವರ್ಷಗಳು ಹಿಡಿದಿರುವಾಗ, ಅಷ್ಟು ಗಣನೆಯನ್ನು ಯಂತ್ರದಲ್ಲಿ ನಡೆಸುವುದು ಇಂದು ಸಾಧ್ಯವಿಲ್ಲವೆಂಬ ಮಿತಿಯನ್ನು ಪ್ರಬಂಧದ ಆರಂಭದಲ್ಲಿಯೇ ಹೇಳಿಸಿದವರೂ ಅವರೇ. ಈ ಕಟ್ಟುನಿಟ್ಟು ನನ್ನ ಪಾಲಿನ ದೊಡ್ಡ ಭಾಗ್ಯ.

ಶಿಷ್ಯವೇತನ ನಿಂತುಹೋದ ತಿಂಗಳುಗಳಲ್ಲಿ ಮನೆಯ ಖರ್ಚನ್ನು ಹೊತ್ತ ಅಕ್ಕ ಮತ್ತು ಭಾವನವರಿಗೆ, ವಾರಗಟ್ಟಲೆ ಓಡುವ ನನ್ನ ಪ್ರೋಗ್ರಾಂಗಳು ವಿದ್ಯುತ್ ಹೋದಾಗಲೂ ಕೆಡದಂತೆ ನೋಡಿಕೊಂಡ ಗಣಕ ಕೇಂದ್ರದ ಸಿಬ್ಬಂದಿಗೆ ಹೃತ್ಪೂರ್ವಕ ವಂದನೆಗಳು.

ನನ್ನ ಪ್ರೋಗ್ರಾಂಗಳನ್ನೂ, ಏನೂ ವಿಕಾಸಗೊಳ್ಳದೆ ಮುಗಿದ ಪ್ರಯೋಗಗಳ ಸಂಪೂರ್ಣ ದತ್ತಾಂಶವನ್ನೂ ಎಲ್ಲರ ಬಳಕೆಗೆ ಮುಕ್ತಗೊಳಿಸುತ್ತಿದ್ದೇನೆ. ಈ ವಿಷಯದಲ್ಲಿ ತೊಡಗಬಯಸುವ ಕಿರಿಯ ಸಂಶೋಧಕರು ಸಂಕೋಚವಿಲ್ಲದೆ ನನ್ನನ್ನು ಕೇಳಬೇಕೆಂದು ವಿನಂತಿಸುತ್ತೇನೆ.