ಅಗ್ಗವಾದರೂ ಬೇಡವಾದ ಚಹಾ

ಪ್ರೀತಿಯ ಮಗಳೇ,

ಚಹಾದ ಬೆಲೆ ಇಳಿದಿದ್ದರೂ ಬಾಸ್ಟನ್ನಿನ ಜನ ಅದನ್ನು ಕಡಲಿಗೆ ಸುರಿದದ್ದೇಕೆ ಎಂದು ನೀನು ಕೇಳಿದ್ದು ನನಗೆ ಬಹಳ ಹಿಡಿಸಿತು. ಅಮೆರಿಕದ ವಸಾಹತುಗಳಿಗೂ ಬ್ರಿಟನ್ನಿಗೂ ಎದ್ದ ಜಗಳದ ಬೇರು ಇರುವುದೇ ಅಲ್ಲಿ.

1763ರಲ್ಲಿ ಫ್ರಾನ್ಸಿನ ವಿರುದ್ಧದ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಸಾಲದಲ್ಲಿ ಮುಳುಗಿತ್ತು. ಅಮೆರಿಕದಲ್ಲಿರುವ ಸೈನ್ಯದ ಖರ್ಚಿನ ಒಂದು ಪಾಲನ್ನು ಅಲ್ಲಿಯವರೇ ಹೊರಲಿ ಎಂದು 1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಪತ್ರಿಕೆ, ಕರಾರುಪತ್ರ, ಇಸ್ಪೀಟೆಲೆಗಳಿಗೂ ಸುಂಕ ಬಿತ್ತು. ಲಂಡನ್ನಿನ ವಾದದಲ್ಲಿ ಹುರುಳೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಬ್ರಿಟನ್ನಿನ ಸಂಸತ್ತಿನಲ್ಲಿ ವಸಾಹತುಗಳವರು ಆರಿಸಿ ಕಳಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಪ್ರತಿಭಟನೆಗೆ ಮಣಿದು 1766ರಲ್ಲಿ ಕಾಯ್ದೆಯನ್ನು ಹಿಂತೆಗೆದುಕೊಂಡ ಸಂಸತ್ತು, ಅದೇ ದಿನ ಇನ್ನೊಂದು ಕಾಯ್ದೆಯ ಮೂಲಕ, ಯಾವ ವಿಷಯದಲ್ಲಾದರೂ ವಸಾಹತುಗಳಿಗೆ ಕಾನೂನು ಮಾಡುವ ಪೂರ್ಣಾಧಿಕಾರ ತನಗಿದೆ ಎಂದು ಸಾರಿತು. ಹಣ ಬಿಟ್ಟರು, ಹಟ ಬಿಡಲಿಲ್ಲ. ನನ್ನ ದೃಷ್ಟಿಯಲ್ಲಿ ಸಂಬಂಧ ಕೆಟ್ಟದ್ದು ಆ ದಿನವೇ.

ಚಹಾದ ವಿಷಯಕ್ಕೆ ನಮ್ಮ ನಾಡಿನ ನಂಟೂ ಉಂಟು. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಬಂದು ನಿಂತು ಈಸ್ಟ್ ಇಂಡಿಯಾ ಕಂಪನಿಯಿಂದ ಒಪ್ಪಂದ ಮಾಡಿಸಿಕೊಂಡ. ಆ ಯುದ್ಧದ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. ಬಂಗಾಳದ ಭೀಕರ ಕ್ಷಾಮ, 1772ರ ಬ್ಯಾಂಕುಗಳ ಮುಗ್ಗಟ್ಟು ಎಲ್ಲವೂ ಸೇರಿ, ಕಂಪನಿ ಸರ್ಕಾರದ ಮುಂದೆ ಕೈಚಾಚುವಂತಾಯಿತು. ಅದರ ಗೋದಾಮುಗಳಲ್ಲಿ ಬಿದ್ದಿದ್ದ ಚೀನಾದ ಚಹಾ ಮಾರಾಟವಾಗಲೆಂದೇ 1773ರ ಚಹಾ ಕಾಯ್ದೆ ಬಂತು. ಬೆಲೆ ಇಳಿಯಿತು, ಆದರೆ ಸಂಸತ್ತು ಚಹಾದ ಮೇಲೆ ಮೊದಲೇ ಹಾಕಿದ್ದ, ಪೌಂಡು ತೂಕಕ್ಕೆ ಮೂರು ಪೆನ್ಸ್ ಸುಂಕ ಹಾಗೆಯೇ ಉಳಿಯಿತು. ಅಗ್ಗದ ಚಹಾ ಕೊಂಡರೆ ಸಂಸತ್ತಿನ ಅಧಿಕಾರವನ್ನು ಒಪ್ಪಿದಂತೆಯೇ ಎಂದು ಬಾಸ್ಟನ್ನಿನವರು ಅರಿತಿದ್ದರು. ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳನ್ನು ಹತ್ತಿ, 342 ಪೆಟ್ಟಿಗೆಗಳನ್ನು ಕೊಡಲಿಯಿಂದ ಒಡೆದು ಸುರಿದರು. ಕಡಲಿನ ಇಳಿತದ ಹೊತ್ತಾದ್ದರಿಂದ ಚಹಾ ಹಡಗುಗಳ ಪಕ್ಕದಲ್ಲೇ ರಾಶಿ ಬಿತ್ತು.

ಲಂಡನ್ನಿನ ಸರ್ಕಾರ ಬಾಸ್ಟನ್ನಿನ ಬಂದರನ್ನೇ ಮುಚ್ಚಿಸಿತು. ಬಾಸ್ಟನ್ನಿನ ಮೇಲೆ ಬಿದ್ದ ಶಿಕ್ಷೆ ನಾಳೆ ತಮಗೂ ಬರಬಹುದೆಂದು ಬೇರೆ ವಸಾಹತುಗಳು ಧಾನ್ಯ, ಕುರಿಗಳನ್ನು ಕಳಿಸಿದವು. 1774ರ ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸಭೆ ಸೇರಿದರು. ಹೀಗೆ ಸ್ವಾತಂತ್ರ್ಯದ ಮಾತಾಡಿದವರಲ್ಲಿ ಅನೇಕರು ಗುಲಾಮರನ್ನು ಇಟ್ಟುಕೊಂಡಿದ್ದರು ಎಂಬುದನ್ನು ನೀನು ಓದುವಾಗ ಮರೆಯಬೇಡ.

ಎರಡೂ ಕಡೆಯವರ ನಡುವೆ ಗುಂಡು ಹಾರಿದ ಮೇಲೂ, 1775ರ ಜುಲೈಯಲ್ಲಿ, ವಸಾಹತುಗಳ ಪ್ರತಿನಿಧಿಗಳು ಸಂಧಾನ ಬೇಡಿ ದೊರೆ ಮೂರನೆಯ ಜಾರ್ಜನಿಗೆ ಮನವಿ ಬರೆದರು. ಅವನು ಅದನ್ನು ಸ್ವೀಕರಿಸಲೇ ಇಲ್ಲ. ಅಲ್ಲಿಯವರೆಗೆ ರಾಜನನ್ನು ಬಿಡಲು ಮನಸ್ಸಿಲ್ಲದಿದ್ದ ಅನೇಕರು ಆಮೇಲೆ ಪ್ರತ್ಯೇಕತೆಯ ಮಾತಿಗೆ ಕಿವಿಗೊಡತೊಡಗಿದರು.

ನಿನ್ನ ಅಪ್ಪ