ಉಪ್ಪನ್ನು ಮರೆಯಬೇಡ

ಚಿ. ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗ್ರೀನ್‌ಲ್ಯಾಂಡ್‌ಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ಫ್ರಾಮ್ ಜಲಸಂಧಿಗೆ ಹೊರಟ ಸಂಶೋಧನಾ ಹಡಗಿನಲ್ಲಿ ನಿನಗೆ ಜಾಗ ಸಿಕ್ಕಿದ್ದು ಕೇಳಿ ತುಂಬಾ ಸಂತೋಷವಾಯಿತು. ಬೆಚ್ಚನೆಯ ಬಟ್ಟೆಯ ಮಾತು ನಿಮ್ಮಮ್ಮ ಹೇಳುತ್ತಾಳೆ, ನಾನು ನೀರಿನ ಮಾತು ಹೇಳುತ್ತೇನೆ.

ನೀನು ಈವರೆಗೆ ಕೆಲಸ ಮಾಡಿದ ಉಷ್ಣವಲಯದ ಕಡಲಲ್ಲಿ ತಾಪಮಾನ ನೋಡಿದರೆ ಸಾಂದ್ರತೆಯ ಅಂದಾಜು ಬಹುಪಾಲು ಸಿಗುತ್ತದೆ. ಈಗ ನೀನು ಹೋಗುವ ತಣ್ಣನೆಯ ಕಡಲಲ್ಲಿ ಸಿಗದು. ಸೊನ್ನೆ ಡಿಗ್ರಿಯ ಆಸುಪಾಸಿನ ನೀರು ಒಂದು ಡಿಗ್ರಿ ಏರಿಳಿದರೂ ಸಾಂದ್ರತೆ ಅಷ್ಟಾಗಿ ಕದಲುವುದಿಲ್ಲ. ಯಾವ ನೀರು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವುದು ಉಪ್ಪು.

ನಾರ್ವೆಯ ಅನ್ವೇಷಕ ನಾನ್ಸೆನ್‌ರ ಫ್ರಾಮ್ ಹಡಗು 1893ರಿಂದ 1896ರವರೆಗೆ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡೇ ತೇಲಿತಲ್ಲ, ಆಗ ಹೆಪ್ಪುಗಟ್ಟುವ ಹಂತದ ಮೇಲ್ನೀರಿನ ಅಡಿಯಲ್ಲಿ ಸೊನ್ನೆಗಿಂತ ಬೆಚ್ಚಗಿನ ನೀರು ಸಿಕ್ಕಿತು. ಅದು ಅಟ್ಲಾಂಟಿಕ್‌ನದು. ಕಿಲೋಗೆ ಸುಮಾರು 35 ಗ್ರಾಂ ಉಪ್ಪು ಹೊತ್ತು ಸ್ವಾಲ್‌ಬಾರ್ಡ್‌ನ ಪಶ್ಚಿಮ ಅಂಚಿನಲ್ಲಿ ಉತ್ತರಕ್ಕೆ ಹರಿದು, ಸೈಬೀರಿಯಾದ ಓಬ್, ಯೆನಿಸೇ, ಲೇನಾ ನದಿಗಳಿಂದ ಸಪ್ಪೆಯಾದ ತಣ್ಣೀರಿನ ಕೆಳಗೆ ಇಳಿಯುತ್ತದೆ. ಆ ಸಪ್ಪೆ ಪದರವೇ ಮುಚ್ಚಳ. ಅದಿರುವಷ್ಟು ಕಾಲ ಕೆಳಗಿನ ಬಿಸಿ ಮಂಜುಗಡ್ಡೆಯನ್ನು ಸುಲಭವಾಗಿ ಮುಟ್ಟಲಾರದು.

ಜಲಸಂಧಿಯ ಗ್ರೀನ್‌ಲ್ಯಾಂಡ್ ಬದಿಯಲ್ಲಿ ಪೂರ್ವ ಗ್ರೀನ್‌ಲ್ಯಾಂಡ್ ಪ್ರವಾಹ ಮಂಜುಗಡ್ಡೆಯನ್ನೂ ಸಪ್ಪೆ ನೀರನ್ನೂ ದಕ್ಷಿಣಕ್ಕೆ ಒಯ್ಯುತ್ತದೆ. ನಡುವೆ ಅಟ್ಲಾಂಟಿಕ್ ನೀರಿನ ಒಂದು ಪಾಲು ಪಶ್ಚಿಮಕ್ಕೆ ಹೊರಳಿ, ಈ ತಣ್ಣೀರಿನಡಿ ಸೇರಿ, ಅದರ ಜೊತೆಗೇ ಹಿಂದಿರುಗುತ್ತದೆ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ. ಬೆಚ್ಚಗಿನ ನೀರು ಕಂಡಕೂಡಲೇ ಉತ್ತರಕ್ಕೆ ಹೋಗುತ್ತಿದೆ ಎಂದು ಬರೆದಿಟ್ಟುಬಿಡುತ್ತಾರೆ. ನೀನು ಪ್ರವಾಹಮಾಪಕದ ದಾಖಲೆ ನೋಡದೆ ಬರೆಯಬೇಡ.

ಈ ಸಪ್ಪೆ ನೀರನ್ನು ಹಗುರವಾಗಿ ಎಣಿಸಬೇಡ, ತಾಯಿ. 1960ರ ದಶಕದ ಕೊನೆಯಲ್ಲಿ ಮಂಜುಗಡ್ಡೆಯೂ ಸಪ್ಪೆ ನೀರೂ ವಾಡಿಕೆಗಿಂತ ಬಹಳ ಹೆಚ್ಚಾಗಿ ಇದೇ ದಾರಿಯಲ್ಲಿ ದಕ್ಷಿಣಕ್ಕೆ ಬಂದವು. ಆ ಸಪ್ಪೆ ನೀರು ಗ್ರೀನ್‌ಲ್ಯಾಂಡ್‌ಗೂ ಕೆನಡಾಕ್ಕೂ ನಡುವಿನ ಲ್ಯಾಬ್ರಡಾರ್ ಸಮುದ್ರ ತಲುಪಿದ ಮೇಲೆ ಕೆಲವು ಚಳಿಗಾಲ ಅಲ್ಲಿನ ಮೇಲ್ನೀರು ಎಷ್ಟು ತಣ್ಣಗಾದರೂ ಆಳಕ್ಕೆ ಮುಳುಗಲಿಲ್ಲ. ಸಮುದ್ರದ ಆಳಕ್ಕೆ ಉಸಿರಾಟದ ಗಾಳಿ ಒಯ್ಯುವುದೇ ಆ ಮುಳುಗುವಿಕೆ. ಲವಣತೆಯ, ಅಂದರೆ ನೀರಿನ ಉಪ್ಪಿನಂಶದ, ಎರಡನೇ ದಶಮಾಂಶಕ್ಕೂ ಜಗಳವಾಡು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಕೈಕೆಲಸ. ನೀರಿನ ವಾಹಕತೆ, ತಾಪಮಾನ, ಆಳ ಅಳೆಯುವ ಸಿಟಿಡಿ ಉಪಕರಣ ಮೇಲೆ ಬಂದಕೂಡಲೇ ಒಳಗೆ ತೆಗೆದುಕೋ. ವಾಹಕತೆ ಅಳೆಯುವ ಗಾಜಿನ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದರೆ ಅದು ಒಡೆಯಬಹುದು, ಒಡೆಯದಿದ್ದರೂ ಅಳತೆ ಕೆಡಬಹುದು. ಲವಣತೆಯ ಬಾಟಲಿಗಳನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬು, ಬಿರಡೆ ಬಿಗಿ ಮಾಡು, ಪ್ರಯೋಗಾಲಯದ ಬಿಸಿಗೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಅಳೆ. ಮೊದಲ ವಾರದ ಅಂಕಿಗಳನ್ನು ನನಗೂ ಕಳಿಸು, ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ