ಮಳೆ ಲೆಕ್ಕದ ಕೆಲಸಕ್ಕೆ ಮಾರ್ಚ್ ಲೆಕ್ಕದ ಕೂಲಿ

ಮಾನ್ಯ ಸಂಪಾದಕರೇ,

ಜುಲೈ ಮೊದಲ ವಾರ ವನಮಹೋತ್ಸವದ ಸುದ್ದಿ, ಫೆಬ್ರವರಿ ಬಂತೆಂದರೆ ಕಾಳ್ಗಿಚ್ಚಿನ ಸುದ್ದಿ. ಅರಣ್ಯದ ಕೆಲಸ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚುಕಡಿಮೆ ಈ ಎರಡು ಸಲ. ಆ ಸಸಿಯನ್ನು ಬೆಳೆಸಿದವರು ಯಾರು, ಬೆಂಕಿ ಆರಿಸಿದವರು ಯಾರು, ವರ್ಷದ ಉಳಿದ ತಿಂಗಳು ಅವರು ಏನು ಮಾಡುತ್ತಾರೆ ಎಂಬುದು ಎಲ್ಲೂ ಬರುವುದಿಲ್ಲ. ಹುಣಸೂರು, ಎಚ್.ಡಿ. ಕೋಟೆ, ಸರಗೂರು, ಪಿರಿಯಾಪಟ್ಟಣದ ಹಾಡಿಗಳಲ್ಲೂ (ಆದಿವಾಸಿ ಕೇರಿಗಳಲ್ಲೂ) ಕಾಡಂಚಿನ ಊರುಗಳಲ್ಲೂ, ಇತ್ತ ಮಳವಳ್ಳಿ, ನಾಗಮಂಗಲದಲ್ಲೂ ಈ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಇದ್ದಾರೆ. ಅವರಿಗೂ ಅವರ ಕೂಲಿ ಮಂಜೂರು ಮಾಡುವವರಿಗೂ ಕೆಲಸದ ಒಳಹೊರಗು ತಿಳಿದಿರಲಿ ಎಂದು ಈ ಪತ್ರ.

ಕಾಡಿನ ಕೆಲಸಕ್ಕೆ ಹಂಗಾಮು ಗೊತ್ತುಮಾಡುವುದು ಮಳೆ. ಸರ್ಕಾರದ ಹಣಕ್ಕೆ ಗಡಿ ಹಾಕುವುದು ಮಾರ್ಚ್ 31. ಈ ಎರಡಕ್ಕೂ ಹೊಂದಾಣಿಕೆ ಆಗದಿರುವುದೇ ನಮ್ಮ ಕಡೆಯ ಅರಣ್ಯ ಕೆಲಸದ ಮೂಲ ತೊಂದರೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನೆಡುತೋಪಿನ ಕೆಲಸವನ್ನೇ ನೋಡಿ. ಜೂನ್‌ನಲ್ಲಿ ನೆಡುವ ಸಸಿಗೆ ಹಿಂದಿನ ಚಳಿಗಾಲದಲ್ಲೇ ನರ್ಸರಿಯಲ್ಲಿ ಕೆಲಸ ಶುರುವಾಗಿರಬೇಕು. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸೇರಿಸಿ, ಜರಡಿ ಹಿಡಿದು ಪಾಲಿಥೀನ್ ಚೀಲ ತುಂಬುತ್ತಾರೆ. ಗೊಬ್ಬರ ಅರೆಬರೆ ಕಳಿತಿದ್ದರೆ ಗೊಣ್ಣೆಹುಳು ಬಂದು ಎಳೆಬೇರು ತಿನ್ನುತ್ತದೆ. ಮೇಲೆ ಹಸಿರಾಗಿರುವ ಸಸಿ ಇದ್ದಕ್ಕಿದ್ದಂತೆ ಬಾಡುತ್ತದೆ. ಒಳ್ಳೆ ಮಳೆಯ ಜಾಗಕ್ಕೆ 5x8 ಅಥವಾ 6x9 ಇಂಚಿನ ಚೀಲದ ಸಸಿ ಸಾಕು. ಒಣ ಸೀಮೆಗೆ 8x12 ಇಂಚಿನ ಚೀಲದಲ್ಲಿ ಒಂದು ವರ್ಷ ದಾಟಿದ ಸಸಿ ಬೇಕು.

ಬೀಜ ಒಂದೊಂದಕ್ಕೂ ಒಂದೊಂದು ಉಪಚಾರ. ತೇಗದ ಬೀಜದ ಸಿಪ್ಪೆ ಗಟ್ಟಿ. ರಾತ್ರಿ ನೀರಿನಲ್ಲಿ ನೆನೆಸಿ ಹಗಲು ಬಿಸಿಲಿಗೆ ಹರಡಿ, ಹೀಗೆ ವಾರಕ್ಕೂ ಮೇಲೆ ಮಾಡಿದರೆ ಮೊಳಕೆ ಒಡೆಯುತ್ತದೆ. ಬೇವಿನ ಬೀಜ ಎರಡು ಮೂರು ವಾರದಲ್ಲೇ ಜೀವ ಕಳೆದುಕೊಳ್ಳುತ್ತದೆ, ಉದುರಿದ ಕೂಡಲೇ ಬಿತ್ತಬೇಕು. ಶ್ರೀಗಂಧ ಬೇರೆ ಗಿಡದ ಬೇರಿನಿಂದ ಆಹಾರ ಹೀರುವ ಮರ. ಅದೇ ಚೀಲದಲ್ಲಿ ತೊಗರಿ ಬೆಳೆಸದಿದ್ದರೆ ಸಸಿ ಹಳದಿಗಟ್ಟಿ ಸೊರಗುತ್ತದೆ. ಇನ್ನು ಚೀಲಗಳನ್ನು ತಿಂಗಳು ಎರಡು ತಿಂಗಳಿಗೊಮ್ಮೆ ಜಾಗ ಬದಲಿಸಬೇಕು. ಬದಲಿಸದೆ ಬಿಟ್ಟರೆ ತಾಯಿಬೇರು ಚೀಲದ ತೂತಿನಿಂದ ನೆಲಕ್ಕಿಳಿಯುತ್ತದೆ, ನೆಡುವ ದಿನ ಎತ್ತಿದಾಗ ಕಡಿಯುತ್ತದೆ, ನೆಟ್ಟ ಸಸಿ ವಾರದಲ್ಲಿ ಒಣಗುತ್ತದೆ. ಆಮೇಲೆ ಮಳೆಯನ್ನು ದೂರಿ ಪ್ರಯೋಜನವಿಲ್ಲ. ನರ್ಸರಿ ಕೆಲಸದ ಹೆಚ್ಚಿನ ಪಾಲು ಹೆಣ್ಣುಮಕ್ಕಳದು. ಯಾವ ಮಡಿಯಲ್ಲಿ ಯಾವ ಸಸಿ ಸೊರಗಿದೆ ಎಂದು ದೂರದಿಂದಲೇ ಹೇಳಬಲ್ಲವರು ಅವರು. ಆದರೂ ಕಡತದಲ್ಲಿ ಅವರು ಕೌಶಲವಿಲ್ಲದ ಕೂಲಿಗಳು.

ಗುಂಡಿ ತೆಗೆಯುವ ಕೆಲಸ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. 45 ಸೆಂಟಿಮೀಟರ್ ಉದ್ದ, ಅಗಲ, ಆಳದ ಒಂದು ಗುಂಡಿಯಿಂದ ಸುಮಾರು 90 ಲೀಟರ್ ಮಣ್ಣು ಹೊರಬೀಳುತ್ತದೆ. ತೂಗಿದರೆ 130 ಕಿಲೋ ಆಸುಪಾಸು. ಮೂರು ಮೀಟರ್ ಅಂತರಕ್ಕೆ ಒಂದರಂತೆ ಹೆಕ್ಟೇರಿಗೆ 1,111 ಗುಂಡಿ ಬೀಳುತ್ತವೆ. ಅಂದರೆ ಹಾರೆ, ಗುದ್ದಲಿ ಹಿಡಿದವರು ಒಂದು ಹೆಕ್ಟೇರಿನಲ್ಲಿ ನೂರು ಘನ ಮೀಟರ್ ಮಣ್ಣು ಎತ್ತಿದಂತೆ. ಮೇಲ್ಮಣ್ಣನ್ನು ಒಂದು ಕಡೆ, ತಳದ ಮಣ್ಣನ್ನು ಇನ್ನೊಂದು ಕಡೆ ಹಾಕಬೇಕು, ಮುಚ್ಚುವಾಗ ಮೇಲ್ಮಣ್ಣು ಬೇರಿಗೆ ಸಿಗಬೇಕು. ತೆಗೆದ ಗುಂಡಿ ಎರಡು ಮೂರು ತಿಂಗಳು ಬಿಸಿಲು ಕಾಯಬೇಕು. ಹಣ ತಡವಾಗಿ ಬಂದು ಮೇ ಕೊನೆಯಲ್ಲಿ ಅವಸರಕ್ಕೆ ತೆಗೆದ ಗುಂಡಿ ಒಂದು ಅಡಿಯೂ ಇಳಿಯುವುದಿಲ್ಲ. ಅಂಥ ಗುಂಡಿಯ ಸಸಿ ಮುಂದಿನ ಬೇಸಿಗೆಯನ್ನು ದಾಟುವುದು ಕಷ್ಟ.

ನಮ್ಮ ಮೈಸೂರು, ಮಂಡ್ಯ ಎರಡು ಜಿಲ್ಲೆಯ ಒಳಗೇ ಮಳೆಯ ಸ್ವಭಾವ ಬೇರೆ ಬೇರೆ. ನಾಗರಹೊಳೆ, ಅಂತರಸಂತೆ ಕಡೆ ಜೂನ್ ನಂತರ ಜಡಿಮಳೆ ಹಿಡಿಯುತ್ತದೆ. ನಾಗಮಂಗಲ, ಪಾಂಡವಪುರ, ಮೇಲುಕೋಟೆ ಕಡೆ ಮೇ ತಿಂಗಳಲ್ಲಿ ಒಂದಿಷ್ಟು ಹದಮಳೆ ಆಗಿ, ಆಷಾಢದಲ್ಲಿ ಬರೀ ಗಾಳಿ ಬೀಸಿ, ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ ಬರುತ್ತದೆ. ಎಲ್ಲ ಕಡೆಗೂ ಜುಲೈ ಮೊದಲ ವಾರವೇ ನೆಡುವ ದಿನ ಎಂದು ಹಿಡಿದರೆ ಒಣ ಸೀಮೆಯ ಸಸಿ ಆಷಾಢದ ಗಾಳಿಗೆ ಸಿಕ್ಕಿ ಒಣಗುತ್ತದೆ. ಅಲ್ಲಿ ಮೇ ಕೊನೆಯ ಮಳೆಯ ಹಸಿಯಲ್ಲೇ ನೆಡಬೇಕು, ಇಲ್ಲವೇ ಹಿಂಗಾರಿನ ಮೊದಲ ಮಳೆಗೆ ಕಾಯಬೇಕು. ಸಸಿಯ ಇಳಿಜಾರಿನ ಬದಿಗೆ ಅರ್ಧಚಂದ್ರದ ಬದು ಹಾಕಿದರೆ ಬಿದ್ದ ಮಳೆ ಬುಡದಲ್ಲೇ ನಿಲ್ಲುತ್ತದೆ.

ನೆಡುವಾಗ ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಬೇಕು. ಕಾಂಡ ಹಿಡಿದು ಎಳೆದರೆ ಮಣ್ಣಿನ ಹೆಂಟೆ ಒಡೆದು ಬೇರು ಬಯಲಾಗುತ್ತದೆ. ಚೀಲದ ಸಮೇತ ನೆಟ್ಟರೆ ಬೇರು ಒಳಗೇ ಸುರುಳಿ ಸುತ್ತಿ, ಎರಡು ಮೂರು ವರ್ಷ ಬೆಳೆದಂತೆ ಕಂಡು, ಒಂದು ಗಾಳಿಗೆ ಮರ ಬುಡಮೇಲಾಗುತ್ತದೆ. ನೆಟ್ಟ ಮೇಲೆ ಸುತ್ತ ತುಳಿದು ಮಣ್ಣು ಕೂರಿಸಬೇಕು, ಬೇರಿನ ಬಳಿ ಗಾಳಿ ಉಳಿಯಬಾರದು. ಮೊದಲ ಮೂರು ವರ್ಷ ಸಸಿಯ ಸುತ್ತ ಅರ್ಧ ಮೀಟರ್ ಕಳೆ ಕಿತ್ತು ಮಣ್ಣು ಸಡಿಲಿಸಬೇಕು. ನವೆಂಬರ್‌ನಲ್ಲಿ ಮಾಡುವ ಕೊನೆಯ ಸುತ್ತು ಎಲ್ಲಕ್ಕಿಂತ ಮುಖ್ಯ: ತೇವವೂ ಉಳಿಯುತ್ತದೆ, ಬೆಂಕಿ ಬಂದರೆ ಬುಡದಲ್ಲಿ ಹೊತ್ತಿಕೊಳ್ಳಲು ಹುಲ್ಲೂ ಇರುವುದಿಲ್ಲ. ನೆಟ್ಟದ್ದಕ್ಕೆ ಲೆಕ್ಕ ಇದೆ, ಫೋಟೊ ಇದೆ. ಮೂರನೇ ವರ್ಷದ ಕಳೆಗೆ ಎರಡೂ ಇಲ್ಲ. ಹಣ ಕಡಿಮೆಯಾದಾಗ ಮೊದಲು ಬಿಟ್ಟುಹೋಗುವುದು ಇದೇ ಕೆಲಸ.

ಈಗ ಬೆಂಕಿಯ ವಿಷಯ. ಬಂಡೀಪುರ, ನಾಗರಹೊಳೆಯ ಎಲೆ ಉದುರುವ ಕಾಡಿನಲ್ಲಿ ಜನವರಿಯಿಂದ ಮೇವರೆಗೆ ಬೆಂಕಿ ಹಂಗಾಮು. ಬೆಂಕಿ ಬೀಳುವುದು ಬಹುಪಾಲು ಮನುಷ್ಯರಿಂದಲೇ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟಿತು. ಇಂಥ ಬೆಂಕಿಯನ್ನು ತಡೆಯುವ ಕೆಲಸ ನಡೆಯಬೇಕಾದದ್ದು ಅದಕ್ಕೆ ಎರಡು ತಿಂಗಳು ಮುಂಚೆ, ಬೆಂಕಿ ರೇಖೆಯಲ್ಲಿ.

ಬೆಂಕಿ ರೇಖೆ ಎಂದರೆ ರಸ್ತೆ, ಕಾಡಿನ ಗಡಿ, ಬೀಟುಗಳ (ಒಬ್ಬೊಬ್ಬ ಗಸ್ತಿನವರ ಪಾಲಿನ ಕಾಡಿನ) ನಡುವಿನ ದಾರಿಗಳ ಬದಿಯಲ್ಲಿ ಉರಿಯುವಂಥದ್ದು ಏನೂ ಇಲ್ಲದಂತೆ ಮಾಡಿದ ಪಟ್ಟಿ. ಮೊದಲು ಹುಲ್ಲು, ಲಾಂಟಾನ ಎಂಬ ಕಳೆಪೊದೆ ಕಡಿದು ಒಣಗಲು ಬಿಡುತ್ತಾರೆ. ಪಟ್ಟಿಯ ಎರಡೂ ಅಂಚನ್ನು ಬರಿಮಣ್ಣು ಕಾಣುವವರೆಗೆ ಕೆರೆಯುತ್ತಾರೆ. ಸಂಜೆ ಗಾಳಿ ಇಳಿದ ಮೇಲೆ, ಗಾಳಿಗೆ ಎದುರಾಗಿ ಬೆಂಕಿ ತೆವಳುವಂತೆ, ಸ್ವಲ್ಪ ಸ್ವಲ್ಪವೇ ಉದ್ದಕ್ಕೆ ಸುಡುತ್ತಾರೆ. ಎರಡೂ ಬದಿಗೆ ಹಸಿಸೊಪ್ಪಿನ ಕೊಂಬೆ ಹಿಡಿದವರು, ಬೆನ್ನಿಗೆ ನೀರಿನ ಸ್ಪ್ರೇಯರ್ ಹೊತ್ತವರು ನಿಂತಿರಬೇಕು. ಸುಟ್ಟ ಪಟ್ಟಿಯ ಮೇಲೆ ಆಮೇಲೆ ಉದುರುವ ಎಲೆಯನ್ನು ಬೇಸಿಗೆ ಪೂರ್ತಿ ಬ್ಲೋವರ್‌ನಿಂದ ಊದಿ ತೆಗೆಯುತ್ತಿರಬೇಕು. ತೇಗದ ಎಲೆ ಒಂದು ಪದರ ಬಿದ್ದರೂ ಬೆಂಕಿ ದಾಟಲು ಸೇತುವೆ ಸಿಕ್ಕಂತೆ.

ಇದನ್ನು ಸುಡುವ ಹದ ಬಹಳ ಕಿರಿದು. ನವೆಂಬರ್‌ನಲ್ಲೇ ಸುಡಲು ಹೋದರೆ ಹುಲ್ಲು ಹಸಿ, ಹತ್ತುವುದಿಲ್ಲ. ಡಿಸೆಂಬರ್‌ನಿಂದ ಜನವರಿ ನಡುಭಾಗದವರೆಗೆ ಕಡಿದ ಹುಲ್ಲು ಒಣಗಿರುತ್ತದೆ, ಪಕ್ಕದ ಕಾಡಿನ ನೆಲದಲ್ಲಿ ಇನ್ನೂ ತೇವ ಇರುತ್ತದೆ. ಆಗ ಬೆಂಕಿ ನಮ್ಮ ಮಾತು ಕೇಳುತ್ತದೆ. ಫೆಬ್ರವರಿಗೆ ಕಾಡೂ ಒಣಗಿ, ರೇಖೆ ಸುಡಲು ಹಚ್ಚಿದ ಬೆಂಕಿಯೇ ಒಳಗೆ ನುಗ್ಗುವ ಅಪಾಯ. ಹಣ ಬಿಡುಗಡೆ ಆರು ವಾರ ತಡವಾದರೆ ಆಗುವ ನಷ್ಟ ಎಷ್ಟೆಂದು ಇದರಿಂದಲೇ ತಿಳಿಯಬಹುದು.

ಬೆಂಕಿ ಬಿದ್ದ ಮೇಲೆ ನಡುಹಗಲು ಹನ್ನೆರಡರಿಂದ ನಾಲ್ಕರವರೆಗೆ ಅದರ ಎದುರಿಗೆ ಯಾರೂ ನಿಲ್ಲಬಾರದು. ಹಿಂದಿನಿಂದ, ಪಕ್ಕದಿಂದ ಬಡಿದುಕೊಂಡು ಹೋಗಬೇಕು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ, ಆದ್ದರಿಂದ ಬೆಂಕಿಗಿಂತ ಮೇಲೆ ಇರಕೂಡದು. ತಪ್ಪಿಸಿಕೊಳ್ಳಲು ಸುಲಭದ ಜಾಗ ಆಗಲೇ ಸುಟ್ಟು ಕರಕಾದ ನೆಲ. ಒಣಗಿದ ಲಾಂಟಾನ ಪೊದೆ ಇರುವಲ್ಲಿ ನೆಲದ ಬೆಂಕಿ ಮರದ ನೆತ್ತಿಗೆ ಏರುತ್ತದೆ. ಅಲ್ಲಿ ಸೊಪ್ಪು ಹಿಡಿದು ಬಡಿಯುವುದು ವ್ಯರ್ಥ, ಹಿಂದೆ ಸರಿದು ದಾರಿಯೊಂದನ್ನು ಆಧಾರ ಮಾಡಿಕೊಂಡು ಎದುರು ಬೆಂಕಿ ಕೊಡಬೇಕು, ಅಂದರೆ ಬರುವ ಬೆಂಕಿಗೆ ಉರಿಯಲು ಏನೂ ಉಳಿಯದಂತೆ ಎದುರಿನಿಂದ ನಾವೇ ಸುಟ್ಟುಬಿಡಬೇಕು. ಅದನ್ನು ಕೊಡುವ ನಿರ್ಧಾರ ಅನುಭವ ಇದ್ದವರದೇ ಆಗಿರಬೇಕು. ಬಟ್ಟೆ ಹತ್ತಿಯದೇ ಆಗಬೇಕು. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಬೆಂಕಿ ಆರಿತು ಎಂದ ಮೇಲೂ ಒಣಮರದ ಬುಡ, ಬಿದಿರಿನ ಮೆಳೆ, ಆನೆಲದ್ದಿ ಮರುದಿನದವರೆಗೂ ಒಳಗೊಳಗೇ ಕೆಂಡವಾಗಿರುತ್ತವೆ. ಒಂದೊಂದನ್ನೂ ಕೆದಕಿ ನೀರು, ಮಣ್ಣು ಹಾಕುವವರೆಗೆ ತಂಡ ವಾಪಸಾಗಬಾರದು. ಸುಸ್ತಾದ, ನೀರು ಮುಗಿದ, ಊಟ ತಲುಪದ ತಂಡ ಈ ಕೆಲಸವನ್ನೇ ಬಿಟ್ಟು ಬರುವುದು. ಮರುದಿನ ಹನ್ನೊಂದಕ್ಕೆ ಗಾಳಿ ಎದ್ದಾಗ ಅದೇ ಜಾಗದಿಂದ ಮತ್ತೆ ಬೆಂಕಿ.

ಉಪಗ್ರಹದ ಎಚ್ಚರಿಕೆ ಮೊಬೈಲಿಗೆ ಬರುತ್ತದೆ, ನಿಜ. ಉಪಗ್ರಹ ಹಾದುಹೋಗುವ ಹೊತ್ತಿಗೆ ಹೊತ್ತಿದ್ದ ಬೆಂಕಿ ಮಾತ್ರ ಅದಕ್ಕೆ ಕಾಣುತ್ತದೆ; ಆಮೇಲೆ ಬಿದ್ದದ್ದಕ್ಕೆ ಮುಂದಿನ ಸುತ್ತಿನವರೆಗೆ ಕಾಯಬೇಕು. ಮೊದಲ ಹೊಗೆಯನ್ನು ಕಾಣುವುದು ಎತ್ತರದ ಮಚಾನಿನ ಮೇಲೆ ಕುಳಿತ ಬೆಂಕಿ ಕಾವಲುಗಾರ. ಹೆಚ್ಚಿನವರು ಜೇನು ಕುರುಬ, ಬೆಟ್ಟ ಕುರುಬ, ಯರವ ಹಾಡಿಗಳವರು. ಹೊಗೆಯ ಬಣ್ಣ ನೋಡಿ ಹುಲ್ಲೋ ಬಿದಿರೋ ಎಂದು ಹೇಳುವ, ಆನೆಯ ವಾಸನೆ ಹಿಡಿದು ತಂಡವನ್ನು ಬೇರೆ ದಾರಿಗೆ ತಿರುಗಿಸುವ ಇವರ ತಿಳಿವಳಿಕೆ ಇಲ್ಲದಿದ್ದರೆ ಅಧಿಕಾರಿಗಳು ರಾತ್ರಿ ಕಾಡಿಗೆ ಇಳಿಯಲಾರರು.

ಕಳೆಗಿಡದ ಬಗ್ಗೆ ಎರಡು ಮಾತು. ಲಾಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ನೆಲದೊಳಗೆ ಎರಡು ಮೂರು ಇಂಚು ಕೆಳಗೆ ಬೇರು ಕತ್ತರಿಸಿ, ಕಿತ್ತ ಬುಡವನ್ನು ತಲೆಕೆಳಗಾಗಿ ಇಡಬೇಕು. ಹಳದಿ ಹೂವಿನ ಸೆನ್ನಾ ಮರವಂತೂ ಕಡಿದಷ್ಟೂ ಕವಲೊಡೆಯುತ್ತದೆ. ಎದೆಯೆತ್ತರದಿಂದ ಬುಡದವರೆಗೆ ತೊಗಟೆ ಪೂರ್ತಿ ಸುಲಿದು, ಬಂದ ಚಿಗುರನ್ನು ತಿಂಗಳು ತಿಂಗಳು ಕೀಳುತ್ತಿರಬೇಕು. ಒಂದು ವರ್ಷದ ಗುತ್ತಿಗೆಯಲ್ಲಿ ಇದು ಮುಗಿಯುವ ಮಾತಲ್ಲ.

ಕಾಯಂ ಕೆಲಸ ಬಯಸುವವರಿಗೆ: ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಆಗಿರಬೇಕು. ದೇಹದಾರ್ಢ್ಯ ಪರೀಕ್ಷೆ ಇರುತ್ತದೆ. ಓಟ ಒಂದೇ ಅಭ್ಯಾಸ ಮಾಡಿದರೆ ಸಾಲದು, ಹೊರೆ ಹೊತ್ತು ದೂರ ನಡೆಯುವ ಅಭ್ಯಾಸವೂ ಬೇಕು. ನೌಕರಿಯಲ್ಲಿ ದಿನವೂ ಮಾಡುವುದು ಅದನ್ನೇ. ಕಳ್ಳಬೇಟೆ ತಡೆ ಶಿಬಿರದಲ್ಲಿ ನಾಲ್ಕೈದು ಜನ, ಸುತ್ತ ಆನೆ ಕಂದಕ, ಸೋಲಾರ್ ದೀಪ, ವೈರ್‌ಲೆಸ್, ಅಡುಗೆ ತಾವೇ. ಗಸ್ತಿನ ದಾರಿ ಮೊಬೈಲ್ ಆ್ಯಪ್‌ನಲ್ಲಿ ದಾಖಲಾಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಹುಲಿ ಗಣತಿಗೆ ಬೆಳಗಿನ ಜಾವ ಸೀಳುದಾರಿ (ಗಣತಿಗೆಂದು ಕಾಡಿನಲ್ಲಿ ಎಳೆದ ನೇರ ದಾರಿ) ನಡೆದು ಗುರುತು ಬರೆಯಬೇಕು. ಮಂಡ್ಯ ಕಡೆಯ ನೌಕರಿ ಬೇರೆ ಥರ: ಕಬ್ಬಿನ ಗದ್ದೆಯ ಚಿರತೆಗೆ ಬೋನು ಇಡುವುದು, ಕಟಾವಿನಲ್ಲಿ ಸಿಕ್ಕ ಮರಿಗಳನ್ನು ಅದೇ ಜಾಗದಲ್ಲಿ ಇಟ್ಟು ತಾಯಿ ಒಯ್ಯುವವರೆಗೆ ಜನರನ್ನು ದೂರ ನಿಲ್ಲಿಸುವುದು. ಈ ಎರಡನೆಯದಕ್ಕೆ ಕೋವಿಗಿಂತ ಮಾತಿನ ಜಾಣ್ಮೆ ಹೆಚ್ಚು ಬೇಕು.

ಆದರೆ ಕಾಯಂ ನೌಕರರ ಹಿಂದೆ ದಿನಗೂಲಿಯವರು, ಹೊರಗುತ್ತಿಗೆಯವರು, ಹಂಗಾಮಿನವರು ಇದ್ದಾರೆ. ಸೇರುವವರು ಮೊದಲ ತಿಂಗಳಲ್ಲೇ ಪಿಎಫ್‌ನ ಯುಎಎನ್ ಸಂಖ್ಯೆ (ಕೆಲಸ ಬದಲಾದರೂ ಬದಲಾಗದ ಗುರುತಿನ ಸಂಖ್ಯೆ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಬೇಕು. ಕೂಲಿಯಿಂದ ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಮುರಿದುಕೊಂಡರೆ, ಉದ್ಯೋಗದಾತ ತನ್ನ ಪಾಲಾಗಿ ಶೇ 12 ಮತ್ತು ಶೇ 3.25 ಸೇರಿಸಿ ಕಟ್ಟಬೇಕು. ಏಜೆನ್ಸಿ ಬದಲಾದಾಗ ಹೊಸ ಯುಎಎನ್ ಮಾಡಿಸಲು ಒಪ್ಪಬಾರದು, ಹಳೆಯದನ್ನೇ ಕೊಡಬೇಕು. ಇಲ್ಲವಾದರೆ ಸೇವೆ ತುಂಡುತುಂಡಾಗಿ ಪಿಂಚಣಿಯ ಹತ್ತು ವರ್ಷ ಕೂಡುವುದಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಉದ್ಯೋಗದಾತನೇ ಕೊಡಬೇಕೆಂದು ಕಾನೂನು ಇದೆ. ಹಾಜರಿಯ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.

ಬೆಂಕಿ ಹಂಗಾಮಿನ ನಟ್ಟನಡುವೆ ಮಾರ್ಚ್ 31 ಬರುತ್ತದೆ. ಹಳೆಯ ವರ್ಷದ ಹಣ ಮುಗಿದು ಹೊಸ ವರ್ಷದ್ದು ಕೈಗೆ ಬರುವವರೆಗೆ ಏಪ್ರಿಲ್, ಮೇ ತಿಂಗಳ ಕಾವಲಿನ ಕೂಲಿ ನೇತಾಡುತ್ತದೆ. ಕೂಲಿ ನಿಂತಾಗ ಕಾವಲುಗಾರ ಕೊಡಗಿನ ತೋಟಕ್ಕೆ ಕೆಲಸಕ್ಕೆ ಹೋಗುತ್ತಾನೆ, ಮನೆ ನಡೆಯಬೇಕಲ್ಲ. ಆದ್ದರಿಂದ ನಮ್ಮ ಕೋರಿಕೆ ಇಷ್ಟು: ಬೆಂಕಿ ಹಂಗಾಮಿನ ಐದು ತಿಂಗಳ ಕೂಲಿಯನ್ನು ಒಂದೇ ಕಂತಾಗಿ ಡಿಸೆಂಬರ್‌ಗೆ ಮುಂಚೆ ವಲಯಗಳಿಗೆ ಬಿಡುಗಡೆ ಮಾಡಿ, ಮಾರ್ಚ್ ಮುಗಿದರೂ ಬಳಸಲು ಅವಕಾಶ ಕೊಡಿ. ಬೆಂಕಿ ರೇಖೆಯ ಆದೇಶ ಅಕ್ಟೋಬರ್‌ನಲ್ಲೇ ಹೊರಡಲಿ. ನೆಡುತೋಪಿನ ಮಂಜೂರಾತಿಯಲ್ಲಿ ಗುಂಡಿ, ನೆಡುವಿಕೆ, ಮೂರು ವರ್ಷದ ಕಳೆ ಒಟ್ಟಿಗೇ ಇರಲಿ. ಹಂಗಾಮಿನ ಕಾವಲುಗಾರರಿಗೂ ಮೊದಲ ದಿನದಿಂದಲೇ ವಿಮೆ, ಚರ್ಮದ ಬೂಟು, ಹತ್ತಿ ಬಟ್ಟೆ, ತಂಡಕ್ಕೊಂದು ನೀರಿನ ವಾಹನ ಸಿಗಲಿ. ಹಿಂದಿನ ಹಂಗಾಮಿನ ಬಾಕಿ ಯಾರಿಗಾದರೂ ಇದ್ದರೆ, ಹೊಸ ಹಾಜರಿ ಪುಸ್ತಕ ತೆರೆಯುವ ಮುನ್ನ ಅದನ್ನು ಪಾವತಿ ಮಾಡಲಿ.

– ನಿವೃತ್ತ ಅರಣ್ಯ ಸಿಬ್ಬಂದಿ ಹಾಗೂ ನರ್ಸರಿ ಕೆಲಸಗಾರರು, ಹುಣಸೂರು